ಮೂರನೇ ಬೆಂಚಿನ ತತ್ವಶಾಸ್ತ್ರ

ಬಿ.ಎ.ಯಲ್ಲಿ ತತ್ವಶಾಸ್ತ್ರಕ್ಕೆ ನಮ್ಮ ಕಾಲೇಜಿಗೇ ನಾನು ಮೊದಲಿಗಳು. ಕೆಲಸಕ್ಕೆ ಹಾಕಿದ ಎಲ್ಲ ಅರ್ಜಿಗಳಲ್ಲೂ ಇದನ್ನು ಬರೆದಿದ್ದೇನೆ. ಕೊನೆಯವಳೂ ನಾನೇ ಎಂದು ಬರೆಯಲು ಅರ್ಜಿಗಳಲ್ಲಿ ಜಾಗ ಬಿಟ್ಟಿರುವುದಿಲ್ಲ. ಆದರೂ ಸಂದರ್ಶನಕ್ಕೆ ಕೂತಾಗಲೆಲ್ಲ, ಎದುರಿಗಿರುವವರು ಈಗ ಕೇಳುತ್ತಾರೆ, "ನಿಮ್ಮ ಕ್ಲಾಸಲ್ಲಿ ಎಷ್ಟು ಜನ ಇದ್ರಮ್ಮ?" ಎಂದು ಈಗ ಕೇಳಿಯೇ ಬಿಡುತ್ತಾರೆ ಎಂದು ಅಂಗೈ ಬೆವರುತ್ತದೆ. ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ಕೇಳದೆ ಇರುವುದಕ್ಕೂ ಏನಾದರೂ ಕಾರಣ ಇರಬೇಕು ಎಂದು ಮನೆಗೆ ಬಂದು ಚಿಂತೆ ಮಾಡಿದ್ದೇನೆ.

ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಹೋಗಿ ತೊಂಬತ್ತರ ದಶಕದ ಹಾಜರಿ ಪುಸ್ತಕ ತೆಗೆಸಿ ನೋಡಿಯಾರು ಎಂಬ ಭಯ ಈಗಲೂ ಇದೆ. ಮೂಡಿಗೆರೆ ಸೀಮೆಯಲ್ಲಿ, ಬಸ್ಸಿಳಿದು ಒಂದು ಏರು ಹತ್ತಿದರೆ ಸಿಗುತ್ತಿದ್ದ ಸಣ್ಣ ಕಾಲೇಜು. ಬಿ.ಎ. ಒಂದೇ ಇದ್ದದ್ದು. ಉದ್ದನೆಯ ವರಾಂಡ, ಅದರ ಪಕ್ಕಕ್ಕೆ ಸಾಲಾಗಿ ಕೋಣೆಗಳು, ಕೊನೆಯ ಕೋಣೆ ನಮ್ಮದು. ನಮ್ಮದು ಎಂದರೆ ನನ್ನದು.

ತತ್ವಶಾಸ್ತ್ರವನ್ನು ನಾನು ಆರಿಸಿಕೊಂಡದ್ದಕ್ಕೆ ತಾತ್ವಿಕ ಕಾರಣವೇನೂ ಇರಲಿಲ್ಲ. ಪ್ರವೇಶದ ದಿನ ಸಮಾಜಶಾಸ್ತ್ರದ ಸಾಲು ವರಾಂಡ ದಾಟಿ ಮೆಟ್ಟಿಲಿಗೆ ಇಳಿದಿತ್ತು. ಜಾವಳಿ ಕಡೆಗೆ ಹೋಗುವ ನಮ್ಮ ಬಸ್ಸಿಗೆ ಇನ್ನು ಅರ್ಧ ಗಂಟೆ ಇತ್ತು. ತತ್ವಶಾಸ್ತ್ರದ ಮೇಜಿನ ಮುಂದೆ ಮೂರೇ ಜನ. ಬಸ್ಸು ತಪ್ಪೀತು ಎಂಬ ಹೆದರಿಕೆಯಲ್ಲಿ ನಾನು ನಾಲ್ಕನೆಯವಳಾಗಿ ನಿಂತೆ. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಸಂಜೆ ವಿಷಯ ಕೇಳಿ, "ಅದನ್ನ ಓದಿದ್ರೆ ಎಂತ ಆಗ್ತಾರೆ?" ಅಂದರು. ಗೊತ್ತಿಲ್ಲ ಅಂದೆ. "ಹೋಗ್ಲಿ, ಬಸ್ಸು ಸಿಕ್ತಲ್ಲ" ಅಂದರು.

ಆ ಮೂವರಲ್ಲಿ ಇಬ್ಬರು ವಾರದೊಳಗೆ ಸಮಾಜಶಾಸ್ತ್ರಕ್ಕೆ ಹಾರಿದರು. ಇನ್ನೊಬ್ಬಳಿಗೆ ದೀಪಾವಳಿ ಕಳೆದ ಮೇಲೆ ಕಳಸದ ಕಡೆಗೆ ಮದುವೆಯಾಯಿತು. ನಾಲ್ವರೂ ಮೊದಲ ದಿನ ಮೂರನೇ ಬೆಂಚಿನಲ್ಲಿ ಕೂತಿದ್ದೆವು. ಮೊದಲನೆಯದು ಜಾಣರದ್ದು, ಕೊನೆಯದು ಪುಂಡರದ್ದು ಎಂಬ ಲೆಕ್ಕ. ಮೂವರು ಎದ್ದು ಹೋದ ಮೇಲೂ ನಾನು ಅಲ್ಲೇ ಉಳಿದೆ. ಎದ್ದು ಮುಂದಿನ ಬೆಂಚಿಗೆ ಹೋಗಬಹುದಿತ್ತು. ಆದರೆ ಹೋದರೆ, ಇಷ್ಟು ದಿನ ಯಾಕೆ ಹಿಂದೆ ಕೂತಿದ್ದೆ ಎಂಬ ಪ್ರಶ್ನೆ ಏಳುತ್ತಿತ್ತು. ಇವತ್ತು ಬೇಡ, ಸೋಮವಾರದಿಂದ ನೋಡೋಣ ಎಂದುಕೊಂಡೆ. ಹಾಗೆ ಮೂರು ವರ್ಷ ಸೋಮವಾರ ಬಂತು, ಹೋಯಿತು. ಮೇಷ್ಟರಿಗೂ ನನಗೂ ನಡುವೆ ಎರಡು ಖಾಲಿ ಬೆಂಚು ಕಡೆಯವರೆಗೂ ಹಾಗೇ ಇದ್ದವು.

ಮೇಷ್ಟರು ಗದಗದ ಕಡೆಯವರು. ನಲವತ್ತೈದರ ಆಸುಪಾಸು. ಪೇಟೆಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಒಬ್ಬರೇ ಇದ್ದರು. ದಿನವೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕಪ್ಪು ಪೆನ್ನು. ಗಂಟೆ ಬಾರಿಸುವ ಮೊದಲೇ ಬಂದು ಬೋರ್ಡನ್ನು ತಾವೇ ಒರೆಸಿ, ದಿನಾಂಕ ಬರೆದು, ಹಾಜರಿ ಕರೆಯುತ್ತಿದ್ದರು. ನನ್ನ ನಂಬರು ನಾಲ್ಕು. "ನಾಲ್ಕು" ಎಂದು ಕರೆದು, ತಲೆ ಎತ್ತಿ ನೋಡಿ, ಬರೆದುಕೊಂಡು, ಪುಸ್ತಕ ಮುಚ್ಚಿ, "ವಿದ್ಯಾರ್ಥಿಗಳೇ" ಎಂದು ಶುರು ಮಾಡುತ್ತಿದ್ದರು. ಮೊದಮೊದಲು ನಾನು ಹಿಂತಿರುಗಿ ನೋಡುತ್ತಿದ್ದೆ.

ಒಬ್ಬಳೇ ವಿದ್ಯಾರ್ಥಿಯಾಗಿರುವುದು ಬಹಳ ದಣಿವಿನ ಕೆಲಸ. ಮೇಷ್ಟರು ವರ್ಷಕ್ಕೆ ನಾಲ್ಕೈದು ಸಲ ತಮಾಷೆ ಮಾಡುತ್ತಿದ್ದರು. ನಾನು ನಗದಿದ್ದರೆ ಇಡೀ ಕ್ಲಾಸೇ ನಗಲಿಲ್ಲ ಎಂದಾಗುತ್ತಿತ್ತು. ನಾನು ಆಕಳಿಸಿದರೆ ಇಡೀ ಕ್ಲಾಸು ಆಕಳಿಸಿದಂತೆ. ಪಾಠ ಅರ್ಥವಾಯಿತೇ ಎಂದು ಕೇಳಿದರೆ ಪಕ್ಕದವಳ ಮುಖ ನೋಡುವ ಸವಲತ್ತು ಇರಲಿಲ್ಲ. ಸಂಜೆ ಬಸ್ಸಿನಲ್ಲಿ ನನ್ನ ಜೊತೆ ಬರುತ್ತಿದ್ದ ಗೆಳತಿ ಸಮಾಜಶಾಸ್ತ್ರದವಳು. ಅವರ ಕ್ಲಾಸಿನಲ್ಲಿ ಇವತ್ತು ಯಾರು ಯಾರಿಗೆ ಚೀಟಿ ಎಸೆದರು, ಯಾರ ಛತ್ರಿ ಕದ್ದುಹೋಯಿತು, ಎಲ್ಲವನ್ನೂ ಹೇಳಿ ಮುಗಿಸಿ, "ನಿಮ್ ಕ್ಲಾಸಲ್ಲಿ ಎಂತ ವಿಶೇಷ ಮಾರಾಯ್ತಿ?" ಎಂದು ಕೇಳುತ್ತಿದ್ದಳು. ನನ್ನ ಕ್ಲಾಸಿನಲ್ಲಿ ಛತ್ರಿ ಕದಿಯಬೇಕಾದರೂ ನಾನೇ ಕದಿಯಬೇಕಿತ್ತು.

ಒಬ್ಬಳು ಹುಡುಗಿ, ಒಬ್ಬರು ಮೇಷ್ಟರು, ಒಂದು ಕೋಣೆ. ಯಾರಾದರೂ ಏನಾದರೂ ಅಂದಾರು ಎಂದು ಪ್ರಿನ್ಸಿಪಾಲರಿಗೆ ಚಿಂತೆ ಹತ್ತಿತು. ಬಾಗಿಲು ಪೂರ್ತಿ ತೆರೆದಿರಬೇಕು, ಪಾಠ ನಡೆಯುವಷ್ಟು ಹೊತ್ತು ಅಟೆಂಡರ್ ಹೆಂಗಸು ಹೊಸ್ತಿಲ ಮೇಲೆ ಕೂತಿರಬೇಕು ಎಂದು ಅಪ್ಪಣೆಯಾಯಿತು. ಅಟೆಂಡರಕ್ಕ ಎಂದು ನಾವೆಲ್ಲ ಕರೆಯುತ್ತಿದ್ದ ಆಕೆ ಮಲ್ಲಂದೂರು ಕಡೆಯ ಎಸ್ಟೇಟಿನ ಕೂಲಿಯವರ ಲೈನು ಮನೆಯಲ್ಲಿ ಹುಟ್ಟಿ ಬೆಳೆದವಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಡಿಸಿ ಕಾಫಿ ಹಣ್ಣು ಕುಯ್ಯಲು ಕಳಿಸಿದ್ದರಂತೆ. ಈಗ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಮಡಿಲಲ್ಲಿ ಪರೀಕ್ಷೆಯ ಹಾಳೆಗಳನ್ನಿಟ್ಟುಕೊಂಡು ದಾರ ಪೋಣಿಸುತ್ತ ಕೂರುತ್ತಿದ್ದಳು. ಗಂಟೆ ಬಾರಿಸುವ ಕೆಲಸವೂ ಅವಳದ್ದೇ. ಅವಳು ಗಂಟೆಗೆಂದು ಎದ್ದ ಕೂಡಲೇ ಮೇಷ್ಟರು ಅರ್ಧ ವಾಕ್ಯದಲ್ಲಿ ಪಾಠ ನಿಲ್ಲಿಸಿ, ಚಾಕ್‌ಪೀಸು ಇಟ್ಟು, ವರಾಂಡಕ್ಕೆ ಹೋಗಿ ನಿಂತುಬಿಡುತ್ತಿದ್ದರು. ಉಳಿದ ಅರ್ಧ ವಾಕ್ಯ ಮರುದಿನ ಬರುತ್ತಿತ್ತು.

ಎರಡನೇ ವರ್ಷ ಶುರುವಾಗಿ ಒಂದು ತಿಂಗಳಿಗೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಆ ವರ್ಷ ಹೊಸದಾಗಿ ತತ್ವಶಾಸ್ತ್ರಕ್ಕೆ ಯಾರೂ ಸೇರಿರಲಿಲ್ಲ.

"ನೋಡಮ್ಮ, ಒಬ್ಬಳಿಗೋಸ್ಕರ ಒಂದು ವಿಭಾಗ ನಡೆಸೋದು ಕಷ್ಟ. ನೀನು ಸಮಾಜಶಾಸ್ತ್ರಕ್ಕೆ ಬಂದುಬಿಡು. ಮೊದಲ ವರ್ಷದ ಪೇಪರ್ ಒಂದು ಹೆಚ್ಚಿಗೆ ಕಟ್ಟಬೇಕಾಗ್ತದೆ, ಅಷ್ಟೆ. ಒತ್ತಾಯ ಇಲ್ಲ. ನೀನು ಇರ್ತೀನಿ ಅಂದ್ರೆ ವಿಭಾಗ ಇರ್ತದೆ, ಹೋಗ್ತೀನಿ ಅಂದ್ರೆ ಮುಚ್ತದೆ."

"ಮುಚ್ಚಿದ್ರೆ ಸರ್ ಪೋಸ್ಟು?" ಅಂದೆ.

"ಪೋಸ್ಟೂ ಹೋಗ್ತದೆ" ಎಂದು ಒಂದು ಫಾರಂ ಕೊಟ್ಟರು. ವಿಷಯ ಬದಲಾವಣೆಯ ಅರ್ಜಿ. ಕೆಳಗೆ ಮೂರು ಸಹಿಗೆ ಜಾಗ: ವಿದ್ಯಾರ್ಥಿಯದ್ದು, ಸೇರುವ ವಿಭಾಗದ್ದು, ಬಿಡುವ ವಿಭಾಗದ್ದು. ತಿಂಗಳ ಕೊನೆಯ ಶನಿವಾರದೊಳಗೆ ತಂದುಕೊಡಬೇಕು.

ಪೋಸ್ಟು ಹೋದ ಮೇಷ್ಟರು ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಆದರೆ ನನಗೆ ಉತ್ತರ ಗೊತ್ತಿದೆ ಅನ್ನಿಸಿತ್ತು. ಎಸ್ಟೇಟಿನಲ್ಲಿ ಬೆಳೆದವರಿಗೆ ಕೆಲಸ ಹೋಗುವುದೆಂದರೆ ಮನೆ ಹೋಗುವುದು. ನಾವಿದ್ದದ್ದು ಎಸ್ಟೇಟು ಕೊಟ್ಟ ರೈಟರ್ ಮನೆ. ನಮಗಿಂತ ಮೊದಲು ಅಲ್ಲಿದ್ದ ರೈಟರ್ ಕೆಲಸ ಬಿಡಬೇಕಾಗಿ ಬಂದಾಗ, ಅವರ ಪಾತ್ರೆ, ಹಾಸಿಗೆ, ಗೋಡೆಯ ಗಡಿಯಾರ ಎಲ್ಲ ಜೀಪಿನ ಹಿಂದೆ ಹೇರಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅವರ ಹೆಂಡತಿ ಒಲೆಯ ಬೂದಿ ತೆಗೆದು, ಸಾರಿಸಿ ಹೋಗಿದ್ದರು. ಹಾಗಾಗಿ ಪೋಸ್ಟು ಎಂದ ಕೂಡಲೇ ನನ್ನ ಕಣ್ಣಿಗೆ ಬಂದದ್ದು ಮೇಷ್ಟರು ಒಂದು ಟ್ರಂಕು ಹಿಡಿದು ಬಸ್ ಸ್ಟಾಂಡಿನಲ್ಲಿ ನಿಂತಿರುವ ಚಿತ್ರ. ಸರ್ಕಾರದ ಕೆಲಸ ಹಾಗಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಯಾರನ್ನೂ ನಾನು ಕೇಳಲೂ ಇಲ್ಲ. ಚಿಂತೆ ಮಾಡುವವರು ಹಾಗೆಲ್ಲ ಸಲೀಸಾಗಿ ಕೇಳಿ ತಿಳಿದುಕೊಳ್ಳುವುದಿಲ್ಲ. ತಿಳಿದುಬಿಟ್ಟರೆ ಚಿಂತೆಗೆ ಏನು ಉಳಿಯಿತು?

ಫಾರಂ ನನ್ನ ತರ್ಕಶಾಸ್ತ್ರದ ನೋಟ್‌ಬುಕ್ಕಿನಲ್ಲಿ ಮೂರು ವಾರ ಇತ್ತು. ನನ್ನ ಸಹಿ ಹಾಕಿಯಾಗಿತ್ತು. ಗೆಳತಿ ತಾನೇ ಓಡಾಡಿ ಸಮಾಜಶಾಸ್ತ್ರದವರ ಸಹಿ ಮಾಡಿಸಿಕೊಟ್ಟಳು. ಉಳಿದದ್ದು ಒಂದು ಸಹಿ. ದಿನವೂ ಪಾಠ ಮುಗಿದ ಮೇಲೆ ಎದ್ದು ಹೋಗಿ, "ಸರ್, ಇದಕ್ಕೊಂದು ಸಹಿ" ಅನ್ನಬೇಕು. ನನ್ನನ್ನು ಬಿಟ್ಟರೆ ಇನ್ನಾರೂ ಇಲ್ಲದವರ ಹತ್ತಿರ ಹೋಗಿ, ನಾನು ನಿಮ್ಮನ್ನು ಬಿಡುತ್ತಿದ್ದೇನೆ, ದಯವಿಟ್ಟು ಒಪ್ಪಿಗೆ ಕೊಡಿ ಎಂದು ಕೇಳಬೇಕು. ಎರಡು ಖಾಲಿ ಬೆಂಚುಗಳನ್ನು ದಾಟಿ ಹೋಗುವುದೇ ಆಗಲಿಲ್ಲ.

ಕೊನೆಯ ಶನಿವಾರಕ್ಕೆ ಒಂದು ದಿನ ಉಳಿಯಿತು. ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಗೆಳತಿ, "ಎಷ್ಟು ಯೋಚನೆ ಮಾಡ್ತಿಯೇ! ಇವತ್ತು ನಮ್ ಕ್ಲಾಸಲ್ಲಿ ಕೂತು ನೋಡು. ಹೆಣ್ಣು ನೋಡಕ್ಕೆ ಬಂದವ್ರು ಉಪ್ಪಿಟ್ಟು ತಿಂದು ಹೋಗಲ್ವಾ, ಹಂಗೆ ನೋಡಿ ಬಾ. ಒಪ್ಪಿಗೆ ಆಮೇಲೆ ಹೇಳು" ಅಂದಳು.

ಹೋದೆ. ಮೂರು ವರ್ಷದಲ್ಲಿ ನಾನು ತಪ್ಪಿಸಿದ ಒಂದೇ ಒಂದು ತತ್ವಶಾಸ್ತ್ರದ ಪಾಠ ಅದು.

ಎಂಥ ಸುಖ ಅದು, ಈಗಲೂ ನೆನಪಿದೆ. ಎಂಬತ್ತು ಜನ. ಒದ್ದೆ ಛತ್ರಿಗಳ ವಾಸನೆ, ಯಾರದೋ ಊಟದ ಡಬ್ಬಿಯ ಮಾವಿನಮಿಡಿ ಉಪ್ಪಿನಕಾಯಿಯ ವಾಸನೆ. ನಾನು ಐದನೇ ಸಾಲಿನಲ್ಲಿ ಇಬ್ಬರ ನಡುವೆ ಇರುಕಿಕೊಂಡು ಕೂತಿದ್ದೆ. ಎರಡೂ ಕಡೆಯಿಂದ ಮೊಣಕೈ ತಾಗುತ್ತಿತ್ತು. ಅಲ್ಲಿನ ಮೇಷ್ಟರು ನೋಟ್ಸು ಹೇಳುತ್ತಿದ್ದರು, ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ಮಾತ್ರ ಬಾಯಿ ತೆರೆದು, ಕೈ ಅಡ್ಡ ಇಡದೆ, ಪೂರ್ತಿಯಾಗಿ ಆಕಳಿಸಿದೆ. ಯಾರೂ ನೋಡಲಿಲ್ಲ. ನಾಳೆ ಸಹಿ ಹಾಕಿಸಿಯೇ ಬಿಡುವುದು ಎಂದು ಆ ಕ್ಷಣಕ್ಕೆ ನಿಶ್ಚಯಿಸಿದೆ.

ಒಂದು ವಿಚಿತ್ರ ಎಂದರೆ ಆ ಪಾಠ ಮುಗಿಯಲೇ ಇಲ್ಲ. ಗಂಟೆ ಹೊಡೆಯುವ ಹೊತ್ತು ದಾಟಿತು. ನೋಟ್ಸು ಮುಗಿದು, ಮೇಷ್ಟರು ಗಡಿಯಾರ ನೋಡಿಕೊಂಡು, ಹಿಂದಿನ ವಾರದ ನೋಟ್ಸನ್ನೇ ಇನ್ನೊಮ್ಮೆ ಹೇಳತೊಡಗಿದರು. ಹಿಂದಿನ ಬೆಂಚಿನವರು ನೆಲಕ್ಕೆ ಕಾಲು ಉಜ್ಜತೊಡಗಿದರು. "ಅಟೆಂಡರಕ್ಕ ನಿದ್ದೆ ಹೋದ್ಲಾ?" ಎಂದು ಯಾರೋ ಕೂಗಿದರು. ಹತ್ತು ನಿಮಿಷ ತಡವಾಗಿ ಗಂಟೆ ಬಡಿಯಿತು.

ಶನಿವಾರ ನಾನು ಬೇಗ ಬಂದೆ. ವರಾಂಡದಲ್ಲಿ ಅಟೆಂಡರಕ್ಕ ಗುಡಿಸುತ್ತಿದ್ದಳು.

"ಎಲ್ಲಿಗೆ ಹೋಗಿದ್ಯೇ ನಿನ್ನೆ?"

"ಹುಷಾರಿರ್ಲಿಲ್ಲ ಅಕ್ಕ."

"ಹೌದಾ? ಸಮಾಜಶಾಸ್ತ್ರದಲ್ಲಿ ಭಾರಿ ಹುಷಾರಾಗಿ ಕೂತಿದ್ಯಂತೆ." ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿರ ಬಂದಳು. "ಮೇಷ್ಟ್ರು ಬಂದ್ರು. ಬೋರ್ಡ್ ಒರೆಸಿದ್ರು. ನಾಲ್ಕು ಅಂತ ಕೂಗಿದ್ರು. ಬೆಂಚು ನೋಡಿದ್ರು. ಬರ್ಕಂಡ್ರು, ಎಂತ ಬರ್ಕಂಡ್ರೋ ನಂಗೆ ಕಾಣ್ಲಿಲ್ಲ. ಆಮೇಲೆ ನನ್ ಕಡೆ ತಿರುಗಿ, 'ಬಾರವ್ವಾ, ಒಳಗ ಬಂದು ಕೂಡು. ಇಲ್ಲಾಂದ್ರ ಗ್ವಾಡಿಗೆ ಹೇಳಿದಂಗಾಗ್ತದ' ಅಂದ್ರು."

"ಹೋದ್ಯಾ?"

"ನಾ ಎಂತಕ್ಕೆ ಹೋಗ್ಲಿ? ಪ್ರಿನ್ಸಿಪಾಲ್ರು ಹೊಸ್ತಿಲು ಅಂದಿದಾರೆ, ಹೊಸ್ತಿಲಲ್ಲೇ ಕೂರದು ಅಂದೆ. ಹಂಗಾದ್ರೆ ಅಲ್ಲಿಂದ್ಲೇ ಕೇಳು ಅಂತ ಶುರು ಮಾಡಿದ್ರು. ಅದೇ ಮೊನ್ನೆಯಿಂದ ಹೇಳ್ತಿದ್ರಲ್ಲ, ಗುಡ್ಡದ ಮೇಲೆ ಹೊಗೆ ಕಂಡ್ರೆ ಅಲ್ಲಿ ಬೆಂಕಿ ಇದೆ ಅಂತ ತಿಳೀಬೇಕು, ಅಡುಗೆಮನೆ ಇದ್ದ ಹಂಗೆ ಅಂತ. ನಂಗೆ ತಡಿಯಕ್ಕಾಗ್ಲಿಲ್ಲ ಮಾರಾಯ್ತಿ. ಸಾರ್, ನೀವು ಬಯಲುಸೀಮೆಯವ್ರು ಅಂದೆ. ನಮ್ಮಲ್ಲಿ ಮಳೆ ಒಂಚೂರು ಬಿಟ್ಟು ಹೊಳವಾದ್ರೆ ಸಾಕು, ಎಲ್ಲಾ ಗುಡ್ಡದಲ್ಲೂ ಹೊಗೆ ಏಳ್ತದೆ. ಹತ್ರ ಹೋಗಿ ನೋಡಿದ್ರೆ ಬರೀ ಮಂಜು. ಬೆಂಕಿ ಎಲ್ಲಿಂದ ಬರ್ಬೇಕು? ಮನೆ ಒಳಗೆ ಒಲೇಲೇ ಸೌದೆ ಹತ್ತದಿಲ್ಲ ಅಂದೆ."

"ಅವ್ರೇನಂದ್ರು?"

"ನಕ್ಕಿದ್ದೇ ನಕ್ಕಿದ್ದು. ಅವ್ರು ಹಂಗೆ ನಗಾಡಿದ್ದು ನಾ ನೋಡೇ ಇರ್ಲಿಲ್ಲ. 'ನೀ ಹೇಳಿದ್ದ ಇವತ್ತಿನ ಪಾಠ ನೋಡವ್ವಾ. ಮಂಜನ್ನ ಹೊಗಿ ಅಂದ್ಕೊಂಡು ಬೆಂಕಿ ಅದ ಅನ್ನೋದು, ಅದಕ್ಕ ಹೇತ್ವಾಭಾಸ ಅಂತಾರ' ಅಂದ್ರು. ಕಾರಣದ ಹಂಗೆ ಕಾಣ್ತದಂತೆ, ಕಾರಣ ಅಲ್ವಂತೆ. ಅದ್ರಲ್ಲಿ ಐದು ಥರ. ಐದೂ ಹೇಳಿದ್ರು. ನಾ ಅದನ್ನ ಕೇಳ್ತಾ ಗಂಟೆ ಹೊಡಿಯದೇ ಮರ್ತೆ. ಪ್ರಿನ್ಸಿಪಾಲ್ರ ಹತ್ರ ಬೈಸ್ಕಂಡೆ."

ಎಂಬತ್ತು ಜನರ ಸಮಾಜಶಾಸ್ತ್ರ ಹತ್ತು ನಿಮಿಷ ಉದ್ದವಾದದ್ದು ಇದಕ್ಕೆ. ಕೇಳಿ ನನಗಾದದ್ದು ಪಶ್ಚಾತ್ತಾಪ ಎಂದು ಬಹಳ ಕಾಲ ನಂಬಿದ್ದೆ. ಈಗ ಅನ್ನಿಸುತ್ತದೆ, ಅರ್ಧ ಹೊಟ್ಟೆಕಿಚ್ಚು. ಒಂದು ವರ್ಷ ನಾನು ಎದುರಿಗೆ ಕೂತಿದ್ದರೂ ಮೇಷ್ಟರು ಒಂದು ದಿನ ಹಾಗೆ ನಕ್ಕಿರಲಿಲ್ಲ.

ಕ್ಲಾಸು ಶುರುವಾಯಿತು. ಹಾಜರಿ ಪುಸ್ತಕ ತೆರೆದರು. ನಿನ್ನೆ ಎಲ್ಲಿ ಎಂದು ಕೇಳಿದರೆ ಹೇಳಲು ಜ್ವರ, ತಲೆನೋವು, ಬಸ್ಸು, ಮೂರು ಉತ್ತರ ತಯಾರು ಮಾಡಿದ್ದೆ. ಅವರು ಕೇಳಲಿಲ್ಲ. "ನಾಲ್ಕು" ಅಂದರು, ಬರೆದುಕೊಂಡರು. "ವಿದ್ಯಾರ್ಥಿಗಳೇ, ನಿನ್ನೆಯ ತರಗತಿಯಲ್ಲಿ ಒಂದು ಒಳ್ಳೆಯ ಆಕ್ಷೇಪ ಬಂದಿತ್ತು. ಮಂಜು ಮತ್ತು ಹೊಗೆಯ ವಿಷಯ. ನೆನಪಿದೆಯಲ್ಲ?"

ನಾನು ತಲೆ ಆಡಿಸಿದೆ. ನಿನ್ನೆ ನಾನು ಇರಲಿಲ್ಲ ಎಂದು ಅವರಿಗೆ ಗೊತ್ತು. ಅವರಿಗೆ ಗೊತ್ತು ಎಂದು ನನಗೆ ಗೊತ್ತು. ಆದರೂ ದೊಡ್ಡವರು ನೆನಪಿದೆಯಾ ಅಂದರೆ ಇಲ್ಲ ಅನ್ನುವುದು ಹೇಗೆ? ಹೊಸ್ತಿಲಲ್ಲಿ ದಾರ ಪೋಣಿಸುತ್ತಿದ್ದವಳು ಕೆಮ್ಮಿದಳು.

ಪಾಠ ಮುಗಿಯಲು ಐದು ನಿಮಿಷ ಇದ್ದಾಗ ಮೇಷ್ಟರು ಪುಸ್ತಕ ಮುಚ್ಚಿದರು. ವೇದಿಕೆ ಇಳಿದು ಮೊದಲ ಬೆಂಚಿನ ಹತ್ತಿರ ಬಂದು ನಿಂತರು. ಅಷ್ಟು ಹತ್ತಿರ ಅವರು ಯಾವತ್ತೂ ಬಂದಿರಲಿಲ್ಲ.

"ಆ ಫಾರಂ ಕೊಡ್ರಿ ತಂಗಿ, ಸಹಿ ಹಾಕ್ತೀನಿ. ಇವತ್ತ ಕಡೀ ದಿನ ಅಲ್ಲಾ?"

ಅವರಿಗೆ ಮೂರು ವಾರದಿಂದ ಗೊತ್ತಿತ್ತು. ಜೇಬಿನಿಂದ ಕಪ್ಪು ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಬಲಗೈಯಲ್ಲಿ ಹಿಡಿದು ನಿಂತಿದ್ದರು. ಎಡಗೈಯನ್ನು ಬೆಂಚಿನ ಮೇಲೆ ನನ್ನ ಕಡೆಗೆ ಚಾಚಿದ್ದರು. ನಾನು ಅಲ್ಲಿವರೆಗೆ ಎದ್ದು ಹೋಗುವುದು ಬೇಡ ಎಂದು ಅವರೇ ಬಂದಿದ್ದರು.

ನೋಟ್‌ಬುಕ್ಕು ನನ್ನ ಮುಂದೆಯೇ ಇತ್ತು. ಫಾರಂನ ಒಂದು ಅಂಚು ಹೊರಗೆ ಕಾಣುತ್ತಿತ್ತು. ನಾನು ಅದರ ಮೇಲೆ ಕೈ ಇಟ್ಟೆ.

"ಯಾವ ಫಾರಂ ಸರ್?" ಅಂದೆ.

ನನ್ನ ಜೀವನದ ದೊಡ್ಡ ತೀರ್ಮಾನಗಳೆಲ್ಲ ಹೀಗೇ ಆಗಿವೆ. ಬೇರೇನನ್ನೋ ಹೇಳಲು ಧೈರ್ಯ ಸಾಲದೆ ಬಾಯಿಗೆ ಬಂದದ್ದು. ಮೇಷ್ಟರು ನನ್ನ ಕೈಯನ್ನು ನೋಡಿದರು. ಪೆನ್ನಿಗೆ ಕ್ಯಾಪು ಹಾಕಿದರು. ಅದು ಒಂದೇ ಸಲಕ್ಕೆ ಕೂರಲಿಲ್ಲ, ತಿರುಗಿಸಿ ತಿರುಗಿಸಿ ಹಾಕಿದರು. "ಸರಿ ಹಂಗಾದ್ರ" ಎಂದು ವರಾಂಡಕ್ಕೆ ಹೋಗಿ ನಿಂತರು. ಅಟೆಂಡರಕ್ಕ ಅವತ್ತು ಗಂಟೆಯನ್ನು ಸರಿಯಾದ ಹೊತ್ತಿಗೆ, ಬಹಳ ಜೋರಾಗಿ ಬಾರಿಸಿದಳು.

ಉಳಿದ ಒಂದೂಮುಕ್ಕಾಲು ವರ್ಷ ಉದ್ದವಾಗಿತ್ತು. ಗೆಳತಿ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು; ಓಡಾಡಿ ಸಹಿ ಮಾಡಿಸಿದವಳು ಅವಳು ತಾನೇ. ಆಮೇಲೆ ಬಸ್ಸಿನಲ್ಲಿ ನನ್ನ ಪಕ್ಕ ಕೂರಲು ಶುರು ಮಾಡಿದರೂ ಕ್ಲಾಸಿನ ಸುದ್ದಿ ಹೇಳುವುದನ್ನು ನಿಲ್ಲಿಸಿದಳು. ನಾನು ಉಳಿದುಕೊಂಡದ್ದರಿಂದ ಮೇಷ್ಟರು ಮೊದಲಿಗಿಂತ ಹೆಚ್ಚು ಮಾತಾಡಿಯಾರು ಎಂದು ಒಳಗೊಳಗೆ ಆಸೆ ಇತ್ತು. ಅವರು ಹಾಗೇನೂ ಮಾಡಲಿಲ್ಲ. ಅದೇ ಬಿಳಿ ಅಂಗಿ, ಅದೇ "ನಾಲ್ಕು", ಅದೇ ಅರ್ಧ ವಾಕ್ಯ. ರಜೆಯ ಹಿಂದಿನ ದಿನ ಮಾತ್ರ ಪಾಠದ ನಡುವೆ ಎರಡು ಮೂರು ಸಲ ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ಕೂತಲ್ಲೇ ನನ್ನ ತ್ಯಾಗವನ್ನು ನೆನೆಸಿಕೊಂಡು ಸಮಾಧಾನಪಡುತ್ತಿದ್ದೆ. ನನ್ನಿಂದಾಗಿ ಒಬ್ಬರ ಮನೆ ಉಳಿದಿದೆ. ಈ ಒಂದು ಯೋಚನೆ ಇರದಿದ್ದರೆ ಆ ಬೆಂಚಿನಲ್ಲಿ ಅಷ್ಟು ದಿನ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಕೊನೆಯ ವರ್ಷ ವಿಭಾಗವಾರು ಗ್ರೂಪ್ ಫೋಟೋ ತೆಗೆಸಿದರು. ಸಮಾಜಶಾಸ್ತ್ರದವರು ನಾಲ್ಕು ಸಾಲಿನಲ್ಲಿ ನಿಂತರು. ತತ್ವಶಾಸ್ತ್ರಕ್ಕೆ ಬಂದಾಗ ಫೋಟೋದವನು ಒಂದು ಗಂಡು ಒಂದು ಹೆಣ್ಣನ್ನು ನೋಡಿ ಮದುವೆಯ ಫೋಟೋದವನಂತೆ, "ಸ್ವಲ್ಪ ಹತ್ರ ಬನ್ನಿ" ಅಂದುಬಿಟ್ಟ. ಪ್ರಿನ್ಸಿಪಾಲರು ಗಾಬರಿಯಾಗಿ ಅಟೆಂಡರಕ್ಕನನ್ನು ಕರೆದು ನಡುವೆ ನಿಲ್ಲಿಸಿದರು. ಆ ಫೋಟೋ ನನ್ನ ಹತ್ತಿರ ಇದೆ. ಮೂವರಲ್ಲಿ ಅವಳೊಬ್ಬಳೇ ನಗುತ್ತಿದ್ದಾಳೆ.

ಪರೀಕ್ಷೆಗೆ ನನ್ನೊಬ್ಬಳ ಪ್ರಶ್ನೆಪತ್ರಿಕೆ ಅರಗಿನ ಮೊಹರು ಹಾಕಿಸಿಕೊಂಡು ಬಂತು. ಹೇತ್ವಾಭಾಸಗಳನ್ನು ಉದಾಹರಣೆ ಸಹಿತ ವಿವರಿಸಿ ಎಂದಿತ್ತು. ನಾನು ಕೇಳದ ಆ ಒಂದು ಪಾಠ. ಅಟೆಂಡರಕ್ಕ ಪೊರಕೆ ಒರಗಿಸಿ ಹೇಳಿದ್ದನ್ನು ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ಬರೆದೆ. ಇಡೀ ಪತ್ರಿಕೆಯಲ್ಲಿ ನಾನು ಚೆನ್ನಾಗಿ ಬರೆದದ್ದು ಅದೊಂದೇ. ಅದರ ನಂತರ ವಿಭಾಗ ಮುಚ್ಚಿತು. ಮೇಷ್ಟರು ಬೇಸಿಗೆ ರಜೆಗೆ ಹೋದವರು ತಿರುಗಿ ಬರಲಿಲ್ಲ ಎಂದು ಕೇಳಿದೆ. ಪಾಪ, ಎಲ್ಲಿ ಅಲೆಯುತ್ತಿದ್ದಾರೋ ಎಂದು ಎಷ್ಟೋ ದಿನ ಕೊರಗಿದೆ.

ನಂತರ ಬಿ.ಎಡ್. ಮಾಡಿ ಕುದುರೆಮುಖದಲ್ಲಿ ಒಂದು ಶಾಲೆಯ ಟೀಚರಾದೆ. ಕೆಲವು ವರ್ಷಕ್ಕೆ ಅಲ್ಲಿನ ಗಣಿ ನಿಂತಿತು. ಟೌನ್‌ಶಿಪ್ಪಿನ ಮನೆಗಳಿಗೆ ಒಂದೊಂದಾಗಿ ಬೀಗ ಬಿತ್ತು. ತರಗತಿಯಲ್ಲಿ ಮಕ್ಕಳು ನಲವತ್ತರಿಂದ ಇಪ್ಪತ್ತಾಗಿ, ಆರಾಗಿ, ಒಂದು ದಿನ ಇಬ್ಬರಾದರು. ಆ ಇಬ್ಬರೂ ಮೂರನೇ ಬೆಂಚಿನಲ್ಲಿ ಕೂತಿದ್ದರು. ನಾನು ಮೊದಲು ಮಾಡಿದ ಕೆಲಸ, ಅವರನ್ನು ಎಬ್ಬಿಸಿ ಮೊದಲ ಬೆಂಚಿಗೆ ಕರೆದದ್ದು. ಮಳೆಗಾಲ ಮುಗಿಯುವುದರೊಳಗೆ ನಾನೂ ಬೇರೆ ಕೆಲಸ ಹುಡುಕಬೇಕಾಯಿತು. ಪದವಿಯ ಒಂದು ಪ್ರಮಾಣಪತ್ರ ಕಾಣೆಯಾಗಿತ್ತು. ಅದರ ನಕಲಿಗಾಗಿ ಕಾಲೇಜಿಗೆ ಹೋದೆ.

ವರಾಂಡದ ಕೊನೆಯ ಕೋಣೆ ಈಗ ಕಂಪ್ಯೂಟರ್ ರೂಮು. ಹೊರಗೆ ಚಪ್ಪಲಿಗಳ ರಾಶಿ, ಅದರ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅಟೆಂಡರಕ್ಕ. ಕೂದಲು ಅರ್ಧ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದಳು.

"ಓ ನಾಲ್ಕು! ಬಂದ್ಯಾ!"

ಪಕ್ಕದ ಮೆಟ್ಟಿಲ ಮೇಲೆ ಕೂತೆ. "ಒಳಗೆ ಈಗ ಎಂತ ಹೇಳ್ಕೊಡ್ತಾರೆ ಅಕ್ಕ?"

"ಯಾರಿಗ್ಗೊತ್ತು? ಒಳಗೆ ಯಾರೂ ಮಾತೇ ಆಡದಿಲ್ಲ ಮಾರಾಯ್ತಿ. ಟಕಟಕ ಅಂತದೆ, ಅಷ್ಟೆ. ಕಿವಿಗೆ ಎಂತದೂ ಬೀಳದಿಲ್ಲ."

ಮೇಷ್ಟರ ಸುದ್ದಿ ಏನಾದರೂ ಗೊತ್ತೇ ಎಂದು ಕೇಳಿದೆ.

"ಅವ್ರಿಗೆಂತ, ಊರಲ್ಲೇ ಇದಾರೆ. ಇಲ್ಲಿಂದ ಸೀದಾ ಊರಿನ ಹತ್ರದ ಕಾಲೇಜಿಗೇ ಹಾಕ್ಸ್ಕಂಡ್ರು. ಹೆಂಡ್ತಿ ಮಕ್ಳು ಎಲ್ಲ ಅಲ್ಲೇ ಅಲ್ವಾ."

ಮೇಷ್ಟರಿಗೆ ಹೆಂಡತಿ ಮಕ್ಕಳು ಇದ್ದರೆಂಬುದೇ ನನಗೆ ಹೊಸದು.

"ಅವರ ತಾಯಿ ಹಾಸಿಗೆ ಹಿಡ್ದಿದ್ರಂತೆ ಆಗ. ನೀನು ಎರಡನೇ ವರ್ಷದಲ್ಲಿದ್ಯಲ್ಲ, ಆವಾಗ್ಲೇ ಅಲ್ಲೊಂದು ಜಾಗ ಖಾಲಿ ಇತ್ತು. ಇಲ್ಲಿ ಕ್ಲಾಸು ಮುಚ್ಚಿದ್ರೆ ಅಲ್ಲಿಗೆ ಕಳಿಸ್ತೀವಿ ಅಂದಿದ್ರಂತೆ. ನಿನ್ ಫಾರಂ ಬರ್ತದೆ ಬರ್ತದೆ ಅಂತ ಕಾಯ್ತಿದ್ರು. ಆಮೇಲೆ ಪ್ರಿನ್ಸಿಪಾಲ್ರು, ನೀವೇ ಹೇಳಿ ಹುಡುಗಿಗೆ ಅಂದ್ರು. ಅವ್ರು, ಬ್ಯಾಡ್ರಿ, ಓದೋ ಹುಡುಗಿ, ಇರ್ತೀನಿ ಅಂದ್ಮ್ಯಾಲ ಹೆಂಗ ಕಳಸೂದು ಅಂದ್ರು. ನಾ ಚಾ ಕೊಡಕ್ಕೆ ಹೋಗಿದ್ದೆ, ಕಿವಿಗೆ ಬಿತ್ತು."

ಒಂದೂಮುಕ್ಕಾಲು ವರ್ಷ ಅವರು ನನಗಾಗಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದರು, ನಾನು ಅವರಿಗಾಗಿ ಮೂರನೇ ಬೆಂಚಿನಲ್ಲಿ ಇದ್ದೆ.

"ನಿಂಗೆ ಗೊತ್ತಿತ್ತಲ್ಲ ಅಕ್ಕ. ನಂಗೊಂದು ಮಾತು ಹೇಳ್ಬಾರ್ದಿತ್ತಾ? ನಾನು ಅವತ್ತೇ ಓಡಿಹೋಗ್ತಿದ್ದೆ."

ಅವಳು ಸೀರೆಯ ಸೆರಗಿನಿಂದ ಕುರ್ಚಿಯ ಕೈಯನ್ನು ಒರೆಸಿದಳು.

"ಹೇಳಣ ಅಂತ ಎಷ್ಟೋ ಸಲ ಬಾಯಿಗೆ ಬಂತು. ಆದ್ರೆ ನೀನು ಹೋದ್ರೆ ಕ್ಲಾಸು ಮುಚ್ತದೆ. ಕ್ಲಾಸು ಮುಚ್ಚಿದ್ರೆ ನನ್ನ ಯಾರು ಕೂರ್ಸ್ತಾರೆ ಅಲ್ಲಿ?" ಅಂದಳು. "ನಾಕನೇ ಕ್ಲಾಸಿಗೆ ಬಿಡ್ಸಿದ್ರಲ್ಲೇ ನನ್ನ. ಇನ್ನೊಂದೆರಡು ವರ್ಷ ಕೇಳಣ ಅನ್ಸ್ತು. ಪಾಪ ಕಟ್ಕಂಡೆ ಅಂತೀಯಾ?"

ಇಲ್ಲ ಅಕ್ಕ ಅಂದೆ. ಆ ಕೋಣೆಯಲ್ಲಿ ನಿಜವಾಗಿ ಇರಬೇಕು ಅಂದುಕೊಂಡು ಇದ್ದವಳು ಒಬ್ಬಳೇ, ಅವಳನ್ನು ಹೊಸ್ತಿಲಲ್ಲಿ ಕೂರಿಸಿದ್ದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಪೆನ್ನು ನೆನಪಾಯಿತು. ಫಾರಂ ಕೇಳಿದಾಗ ಅವರು ಕ್ಯಾಪು ಆಗಲೇ ಬಿಚ್ಚಿದ್ದರು. ಅದನ್ನು ನಾನು ದುಃಖ ಎಂದು ಓದಿದ್ದೆ. ಅಷ್ಟು ಹತ್ತಿರ ಬಂದು ಕೈ ಚಾಚಿದ್ದನ್ನು ದೊಡ್ಡತನ ಎಂದು ಓದಿದ್ದೆ. ನನ್ನ ಉತ್ತರ ಕೇಳಿದ ಮೇಲೆ ಕ್ಯಾಪು ಒಂದೇ ಸಲಕ್ಕೆ ಕೂರದೆ ಹೋದದ್ದನ್ನು ಸಂತೋಷ ಎಂದು ಓದಿದ್ದೆ. ಹೇತ್ವಾಭಾಸಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದವಳು ನಾನು.

ಅಟೆಂಡರಕ್ಕ ಅವರ ವಿಳಾಸ ಕೊಟ್ಟಿದ್ದಳು. ಅದು ನನ್ನ ಪರ್ಸಿನಲ್ಲೇ ಇದೆ, ಈಗ ಮಡಿಕೆಯಲ್ಲಿ ಹರಿದಿದೆ. ಪ್ರತಿ ವರ್ಷ ಕಾಗದ ತೆಗೆದುಕೊಂಡು ಕೂರುತ್ತೇನೆ. "ಸರ್, ನನ್ನಿಂದಾಗಿ ನಿಮ್ಮ ವರ್ಗಾವಣೆ ತಡವಾಯಿತು, ಕ್ಷಮಿಸಬೇಕು" ಎಂಬಲ್ಲಿಯವರೆಗೆ ಬರೆದು ನಿಲ್ಲಿಸುತ್ತೇನೆ. ಅವರ ಉತ್ತರ ಹೇಗಿರುತ್ತದೆಂದು ಗೊತ್ತು. ಒಂದು ಕಾರ್ಡಿನಲ್ಲಿ, ಕಪ್ಪು ಶಾಯಿಯಲ್ಲಿ, "ಯಾವ ವರ್ಗಾವಣೆ?" ಎಂದು ಬರೆಯುತ್ತಾರೆ. ಅದನ್ನು ಓದಿ ನಾನು ಇಲ್ಲಿ ಕೂತು ತಲೆ ಆಡಿಸಬೇಕಾಗುತ್ತದೆ.